ಪ್ರಾಜೆಕ್ಟಿಗೆ ಸಂಶೋಧನಾ ಪೇಪರ್ ಎಲ್ಲಿ ಹುಡುಕುವುದು? ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ವಿದ್ಯಾರ್ಥಿಗಳಿಗೊಂದು ಹೋಲಿಕೆ

ಪಾವಗಡದ ಕಡೆಯಿಂದ ಬಂದ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಸಿನಾಪ್ಸಿಸ್ ಒಪ್ಪಿಸಲು ಎರಡು ದಿನ ಉಳಿದಿದ್ದಾಗ ನನ್ನ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, “ಮೇಡಂ, ನನ್ನ ವಿಷಯದಲ್ಲಿ ಯಾರೂ ಕೆಲಸವನ್ನೇ ಮಾಡಿಲ್ಲ” ಎಂದಳು. ಅವಳ ಊರಿನ ಆಸುಪಾಸಿನಲ್ಲೇ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕ್ ಇದೆ. ಫಲಕಗಳ ಮೇಲೆ ಧೂಳು ಕೂತರೆ ವಿದ್ಯುತ್ ಎಷ್ಟು ಕಡಿಮೆಯಾಗುತ್ತದೆ, ಎಷ್ಟು ದಿನಕ್ಕೊಮ್ಮೆ ತೊಳೆದರೆ ನೀರಿನ ಖರ್ಚಿಗೆ ಸರಿಹೋಗುತ್ತದೆ ಎನ್ನುವುದು ಅವಳ ಪ್ರಶ್ನೆ. ನೀರಿಗೆ ಬರವಿರುವ ಸೀಮೆಯ ಹುಡುಗಿ ಕೇಳಬೇಕಾದ ಪ್ರಶ್ನೆಯೇ ಅದು.

ಹುಡುಕಾಟದ ಪೆಟ್ಟಿಗೆಯಲ್ಲಿ ಅವಳು ಬರೆದಿದ್ದದ್ದು ‘ಸೋಲಾರ್ ಪ್ಯಾನೆಲ್ ಡಸ್ಟ್ ಪ್ರಾಬ್ಲಮ್’. ಬಂದದ್ದೆಲ್ಲ ಒಂದೇ ಅಚ್ಚಿನ ಲೇಖನಗಳು: ಒಂದು ಆರ್ಡುಯಿನೊ, ಒಂದು ಬ್ರಷ್, ಎರಡು ಮೋಟರು. ಅಳತೆ ಎಂಬುದು ಒಂದರಲ್ಲೂ ಇಲ್ಲ. “ಡಸ್ಟ್ ಬದಲು ‘ಸಾಯಿಲಿಂಗ್’ ಎಂದು ಹಾಕಿ ನೋಡಮ್ಮ” ಎಂದೆ. ಪರದೆ ತುಂಬಿಹೋಯಿತು. ಕೊಲ್ಲಿ ರಾಷ್ಟ್ರಗಳ ಮರುಭೂಮಿಯಲ್ಲಿ ಮಾಡಿದ ಅಳತೆಗಳು, ರಾಜಸ್ಥಾನದವು, ಅಮೆರಿಕದ ಪ್ರಯೋಗಾಲಯದ ವರದಿಗಳು. ಆ ಕ್ಷೇತ್ರದವರು ಈ ನಷ್ಟಕ್ಕೆ ಇಟ್ಟ ಹೆಸರು ಅದು. ಹೆಸರು ಗೊತ್ತಿಲ್ಲದ್ದರಿಂದ ಅಷ್ಟೂ ಕೆಲಸ ಅವಳ ಪಾಲಿಗೆ ಇಲ್ಲದಂತೆಯೇ ಆಗಿತ್ತು.

ಐದು ನಿಮಿಷದ ನಂತರ ಅವಳ ಮುಖ ಮತ್ತೆ ಸಣ್ಣದಾಯಿತು. ಸಿಕ್ಕಿದ ಪೇಪರುಗಳಲ್ಲಿ ಬೇಕಾದವುಗಳ ಮೇಲೆಲ್ಲ ಬೀಗದ ಚಿಹ್ನೆ. ಓದಬೇಕಿದ್ದರೆ ಡಾಲರ್ ಕಟ್ಟಿ.

ಈ ಬರಹ ಹುಟ್ಟಿದ್ದು ಆ ಐದು ನಿಮಿಷದಲ್ಲಿ. ಯಾವ ತಾಣ ಒಳ್ಳೆಯದು ಎಂದು ವಿದ್ಯಾರ್ಥಿಗಳು ಕೇಳುವಾಗ ಎರಡು ಬೇರೆ ಕೆಲಸಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುತ್ತಾರೆ. ಇಂಥದ್ದೊಂದು ಪೇಪರ್ ಇದೆ ಎಂದು ಕಂಡುಹಿಡಿಯುವುದು ಒಂದು ಕೆಲಸ. ಅದರ ಪೂರ್ಣಪಾಠವನ್ನು ಕೈಗೆ ತಂದುಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಚೆನ್ನಾಗಿರುವ ತಾಣ ಎರಡನೆಯದಕ್ಕೆ ಚೆನ್ನಾಗಿರಬೇಕೆಂದಿಲ್ಲ. ಮುಂದಿನ ಹೋಲಿಕೆಯಲ್ಲಿ ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದೇನೆ.

ಮೊದಲು ಪದ, ಆಮೇಲೆ ತಾಣ

ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗಿಗೆ ಬಂದವರಿಗೆ ಇಲ್ಲಿ ದುಪ್ಪಟ್ಟು ಶ್ರಮವಿದೆ. ಸಮಸ್ಯೆ ಅವರಿಗೆ ಕಣ್ಣೆದುರೇ ಗೊತ್ತು, ಅದರ ಪಾರಿಭಾಷಿಕ ಹೆಸರು ಮಾತ್ರ ಗೊತ್ತಿಲ್ಲ. ತೋಟದ ಐಪಿ ಸೆಟ್ಟಿನ ಮೋಟರ್ ಒಂದು ಫೇಸ್ ಹೋದಾಗ ಸುಟ್ಟುಹೋಗುವುದನ್ನು ಮನೆಯಲ್ಲೇ ನೋಡಿರುತ್ತಾರೆ. ಆದರೆ ‘ಮೋಟರ್ ಬರ್ನಿಂಗ್’ ಎಂದು ಹುಡುಕಿದರೆ ಏನೂ ದೊರೆಯುವುದಿಲ್ಲ, ‘ಸಿಂಗಲ್ ಫೇಸಿಂಗ್’ ಎಂದರೆ ದೊರೆಯುತ್ತದೆ. ವೋಲ್ಟೇಜ್ ಕ್ಷಣಕಾಲ ಕುಸಿದು ಮತ್ತೆ ಏರಿದರೆ ಅದು ‘ವೋಲ್ಟೇಜ್ ಸ್ಯಾಗ್’. ವಿಚಿತ್ರವೆಂದರೆ ಅದೇ ಧೂಳು ಸೌರ ಫಲಕದ ಮೇಲೆ ಕೂತಾಗ ‘ಸಾಯಿಲಿಂಗ್’ ಆಗಿ, ವಿದ್ಯುತ್ ಕಂಬದ ಪಿಂಗಾಣಿ ಇನ್ಸುಲೇಟರ್ ಮೇಲೆ ಕೂತು ಕಿಡಿ ಹಾರಿಸಿದಾಗ ‘ಪೊಲ್ಯೂಶನ್ ಫ್ಲ್ಯಾಶ್‌ಓವರ್’ ಆಗುತ್ತದೆ. ಧೂಳು ಒಂದೇ, ಶಾಖೆ ಬೇರೆಯಾದರೆ ಹೆಸರೂ ಬೇರೆ.

ಸರಿಯಾದ ಪದ ತಿಳಿಯುವ ಸುಲಭದ ದಾರಿ ಇದು. ನಿಮ್ಮ ವಿಷಯಕ್ಕೆ ಹತ್ತಿರವೆನಿಸುವ ಒಂದೇ ಒಂದು ಒಳ್ಳೆಯ ಪೇಪರನ್ನು ಹೇಗಾದರೂ ಹಿಡಿಯಿರಿ. ಅದರ ಸಾರಾಂಶದ ಕೆಳಗೆ ಲೇಖಕರು ಕೊಟ್ಟ ಕೀವರ್ಡ್‌ಗಳಿರುತ್ತವೆ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವಾದ ಐಇಇಇಯ ‘ಎಕ್ಸ್‌ಪ್ಲೋರ್’ ತಾಣದಲ್ಲಾದರೆ ಲೇಖಕರ ಕೀವರ್ಡ್‌ಗಳ ಜೊತೆಗೆ ಐಇಇಇ ತಾನೇ ಹಚ್ಚಿದ ವಿಷಯಪದಗಳೂ ಇರುತ್ತವೆ. ಅವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮುಂದಿನ ಹುಡುಕಾಟ ಆ ಪದಗಳಿಂದ ಶುರುವಾಗಲಿ. ಈ ಪುಟ ನೋಡಲು ಚಂದಾ ಬೇಕಿಲ್ಲ. ಪೂರ್ಣಪಾಠಕ್ಕೆ ಬೀಗವಿದ್ದರೂ ಸಾರಾಂಶ ಮತ್ತು ಕೀವರ್ಡ್‌ಗಳು ಎಲ್ಲರಿಗೂ ತೆರೆದೇ ಇರುತ್ತವೆ.

ಗೂಗಲ್ ಸ್ಕಾಲರೋ, ಎಕ್ಸ್‌ಪ್ಲೋರೋ?

ಹೆಚ್ಚಿನ ವಿದ್ಯಾರ್ಥಿಗಳ ನಿಜವಾದ ಆಯ್ಕೆ ಇವೆರಡರ ನಡುವೆ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

2004ರಲ್ಲಿ ಶುರುವಾದ ಗೂಗಲ್ ಸ್ಕಾಲರ್ ಎಲ್ಲ ಪ್ರಕಾಶಕರ ಅಂಗಳಕ್ಕೂ ಇಣುಕುತ್ತದೆ. ಐಇಇಇ, ಎಲ್ಸೆವಿಯರ್, ಸ್ಪ್ರಿಂಗರ್, ವಿಶ್ವವಿದ್ಯಾಲಯಗಳ ಭಂಡಾರ, ಲೇಖಕರ ಸ್ವಂತ ಪುಟ, ಎಲ್ಲವೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಪೇಪರಿನ ಒಳಗಿನ ಪಠ್ಯವನ್ನೂ ಅದು ಹುಡುಕುತ್ತದೆ. ಅದರ ಬಲವೂ ದೌರ್ಬಲ್ಯವೂ ಅದೇ. ಎಲ್ಲೋ ಏಳನೆಯ ಪುಟದಲ್ಲಿ ಒಮ್ಮೆ ‘ಸಾಯಿಲಿಂಗ್’ ಎಂದು ಬಂದಿದ್ದ ಲೇಖನವನ್ನೂ ತಂದು ನಿಲ್ಲಿಸುತ್ತದೆ. ಹಣ ಕೊಟ್ಟವರದ್ದೆಲ್ಲ ಅಚ್ಚು ಹಾಕುವ ಜರ್ನಲ್ಲುಗಳನ್ನೂ ಅದು ಸೋಸಿ ಹೊರಗಿಡುವುದಿಲ್ಲ. ಲಕ್ಷಗಟ್ಟಲೆ ಫಲಿತಾಂಶ ಎಂದು ಮೇಲೆ ತೋರಿಸಿದರೂ ಮೊದಲ 1,000ವನ್ನಷ್ಟೇ ನೋಡಲು ಬಿಡುತ್ತದೆ.

ಐಇಇಇ ಎಕ್ಸ್‌ಪ್ಲೋರ್ ಹಾಗಲ್ಲ. ಅದು ಐಇಇಇ ಮತ್ತು ಅದರ ಕೆಲವು ಸಹಭಾಗಿಗಳ ಕಣಜ. ಜರ್ನಲ್, ನಿಯತಕಾಲಿಕೆ, ಸಮ್ಮೇಳನದ ಪೇಪರ್, ಮಾನಕಗಳು (ಸ್ಟ್ಯಾಂಡರ್ಡ್) ಎಲ್ಲ ಸೇರಿ 60 ಲಕ್ಷಕ್ಕೂ ಹೆಚ್ಚು ದಾಖಲೆಗಳು ಅಲ್ಲಿವೆ. ನೀವಾಗಿ ಬದಲಿಸದಿದ್ದರೆ ಅದು ಪೂರ್ಣಪಾಠವನ್ನು ಬಿಟ್ಟು ಶೀರ್ಷಿಕೆ, ಸಾರಾಂಶ, ಕೀವರ್ಡ್‌ಗಳಲ್ಲಿ ಮಾತ್ರ ಹುಡುಕುತ್ತದೆ. ಹಾಗಾಗಿ ಕಡಿಮೆ ಸಿಗುತ್ತದೆ, ಸಿಕ್ಕಿದ್ದು ವಿಷಯಕ್ಕೆ ನೇರವಾಗಿರುತ್ತದೆ. ತೀರಾ ಕಡಿಮೆ ಸಿಕ್ಕರೆ ಸುಧಾರಿತ ಹುಡುಕಾಟಕ್ಕೆ ಹೋಗಿ ಪೂರ್ಣಪಾಠವನ್ನೂ ಸೇರಿಸಿಕೊಳ್ಳಿ. ಎಡಬದಿಯಲ್ಲಿ ಜರ್ನಲ್ ಬೇರೆ, ಸಮ್ಮೇಳನ ಬೇರೆ, ಮಾನಕ ಬೇರೆ ಎಂದು ಸೋಸುವ ಸೌಕರ್ಯವಿದೆ. ಮುಕ್ತ ಪ್ರವೇಶದವನ್ನು ಮಾತ್ರ ತೋರಿಸು ಎಂದೂ ಕೇಳಬಹುದು. 2013ರಲ್ಲಿ ಆರಂಭವಾದ ‘ಐಇಇಇ ಆಕ್ಸೆಸ್’ ಜರ್ನಲ್ ಪೂರ್ತಿಯಾಗಿ ಹಾಗೆ ತೆರೆದದ್ದು.

ನಮ್ಮಲ್ಲಿ ‘ಐಇಇಇ ಪೇಪರ್’ ಎನ್ನುವುದೇ ಒಂದು ಜಾತಿಯಾಗಿಬಿಟ್ಟಿದೆ. ಬೇಸ್ ಪೇಪರ್ ಐಇಇಇಯದ್ದೇ ಇರಬೇಕು ಎಂದು ವಿಭಾಗಗಳು ಹೇಳುತ್ತವೆ, ವಿದ್ಯಾರ್ಥಿಗಳು ಬೇರೆ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಇದು ನಷ್ಟದ ಬಾಬತ್ತು. ಪಾವಗಡದ ಹುಡುಗಿಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಎಕ್ಸ್‌ಪ್ಲೋರ್‌ನಲ್ಲಿ ದ್ಯುತಿವಿದ್ಯುತ್ (ಫೋಟೊವೋಲ್ಟಾಯಿಕ್) ತಜ್ಞರ ಸಮ್ಮೇಳನದ ಪೇಪರುಗಳು ಅವಳಿಗೆ ಸಿಕ್ಕವು, ನಿಜ. ಆದರೆ ಹತ್ತಾರು ವರ್ಷಗಳ ಕೆಲಸವನ್ನು ಒಟ್ಟುಗೂಡಿಸಿ ತೂಗಿ ನೋಡುವ ದೊಡ್ಡ ಸಮೀಕ್ಷಾ ಲೇಖನಗಳಿದ್ದದ್ದು ಸೌರಶಕ್ತಿಯ ಎಲ್ಸೆವಿಯರ್ ಜರ್ನಲ್ಲುಗಳಲ್ಲಿ, ಅಂದರೆ ಸೈನ್ಸ್‌ಡೈರೆಕ್ಟ್ ತಾಣದಲ್ಲಿ. ಎಕ್ಸ್‌ಪ್ಲೋರ್ ಒಂದನ್ನೇ ನಂಬಿದ್ದರೆ ಅವು ಅವಳ ಕಣ್ಣಿಗೇ ಬೀಳುತ್ತಿರಲಿಲ್ಲ.

ವಿಷಯ ಹೊಸದು, ಹೆಸರುಗಳೇ ಸರಿಯಾಗಿ ಗೊತ್ತಿಲ್ಲ ಎನ್ನುವ ಮೊದಲ ವಾರ ಸ್ಕಾಲರ್‌ನಲ್ಲಿ ಅಡ್ಡಾಡಿ. ಪದ ಗೊತ್ತಾಯಿತು, ಇನ್ನು ಗಟ್ಟಿಯಾದ ಇಪ್ಪತ್ತು ಪೇಪರ್ ಬೇಕು ಎಂದಾಗ ಎಕ್ಸ್‌ಪ್ಲೋರ್‌ಗೆ ಬನ್ನಿ. ಪವರ್ ಎಲೆಕ್ಟ್ರಾನಿಕ್ಸ್, ಸಂವಹನ, ವಿಎಲ್‌ಎಸ್‌ಐ, ಕಂಟ್ರೋಲ್ ಇವುಗಳಿಗೆ ಎಕ್ಸ್‌ಪ್ಲೋರ್ ಹೆಚ್ಚುಕಡಿಮೆ ಸಾಕು. ಸೌರಶಕ್ತಿ, ಬ್ಯಾಟರಿ, ಇಂಧನದ ವಿಷಯಗಳಿಗೆ ಸೈನ್ಸ್‌ಡೈರೆಕ್ಟ್ ಜೊತೆಗಿರಲೇಬೇಕು. ಸಾಫ್ಟ್‌ವೇರ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್ ಮಾಡುವವರು ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂನ ಡಿಜಿಟಲ್ ಲೈಬ್ರರಿಯನ್ನು ಬಿಡಬಾರದು. 1951ರಿಂದ 2000ದವರೆಗಿನ ತನ್ನ ಪೇಪರುಗಳನ್ನು ಎಸಿಎಂ 2022ರಲ್ಲೇ ಎಲ್ಲರಿಗೂ ತೆರೆಯಿತು. ಕಂಪ್ಯೂಟರ್ ವಿಜ್ಞಾನದ ಎಷ್ಟೋ ಬುನಾದಿ ಕೆಲಸ ಆ ಅವಧಿಯದ್ದೇ.

ಶಾಖೆಗಳ ನಡುವೆ ಇನ್ನೊಂದು ವ್ಯತ್ಯಾಸ ಗಮನದಲ್ಲಿರಲಿ. ಕಂಪ್ಯೂಟರ್ ವಿಜ್ಞಾನದಲ್ಲಿ ಹೊಸ ಫಲಿತಾಂಶಗಳು ಸಮ್ಮೇಳನಗಳಲ್ಲೇ ಬರುತ್ತವೆ, ದೊಡ್ಡ ಸಮ್ಮೇಳನಕ್ಕೆ ಜರ್ನಲ್ಲಿನಷ್ಟೇ ಬೆಲೆಯಿದೆ. ಪವರ್ ಸಿಸ್ಟಮ್ ಕಡೆಯಲ್ಲಿ ಸಮ್ಮೇಳನದ ಪೇಪರ್ ಹಲವು ಸಲ ಅರ್ಧ ಬೆಂದ ಕೆಲಸ, ಪಕ್ವವಾದದ್ದು ಐಇಇಇಯ ‘ಟ್ರಾನ್ಸಾಕ್ಷನ್ಸ್’ ಜರ್ನಲ್ಲುಗಳಲ್ಲಿ ಬರುತ್ತದೆ. ಒಂದೇ ಅಳತೆಗೋಲಿನಿಂದ ಎರಡನ್ನೂ ಅಳೆಯಬೇಡಿ.

ಹಿಂದಕ್ಕೂ ಹೋಗಿ, ಮುಂದಕ್ಕೂ ಬನ್ನಿ

ಒಳ್ಳೆಯ ಪೇಪರ್ ಒಂದು ಸಿಕ್ಕಮೇಲೆ ಹುಡುಕಾಟದ ಪೆಟ್ಟಿಗೆಗೆ ಹಿಂತಿರುಗುವ ಅಗತ್ಯ ಕಡಿಮೆ. ಅದರ ಕೊನೆಯ ಉಲ್ಲೇಖಪಟ್ಟಿ ಹಿಂದಿನ ಕೆಲಸಕ್ಕೆ ಕರೆದೊಯ್ಯುತ್ತದೆ. ಸ್ಕಾಲರ್‌ನಲ್ಲಿ ಶೀರ್ಷಿಕೆಯ ಕೆಳಗಿರುವ ‘ಸೈಟೆಡ್ ಬೈ’ ಕೊಂಡಿ ಅದರ ನಂತರ ಬಂದವರ ಕಡೆಗೆ ಕರೆತರುತ್ತದೆ.

ಇದನ್ನು ತರಗತಿಯಲ್ಲಿ ತೋರಿಸಲು ನಾನು ಪ್ರತಿವರ್ಷ ಒಂದೇ ಪೇಪರನ್ನು ಬಳಸುತ್ತೇನೆ. ಅದು 1974ರ ಜನವರಿಯಲ್ಲಿ ಐಇಇಇಯ ಕಂಪ್ಯೂಟರ್ ಟ್ರಾನ್ಸಾಕ್ಷನ್ಸ್‌ನಲ್ಲಿ ಬಂದ, 90ರಿಂದ 93ರವರೆಗಿನ ನಾಲ್ಕೇ ಪುಟಗಳ, ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತಕ್ರಮದ ಪೇಪರ್. ಬರೆದವರು ನಾಸಿರ್ ಅಹ್ಮದ್, ಟಿ. ನಟರಾಜನ್, ಕೆ. ಆರ್. ರಾವ್. ನಾಸಿರ್ ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಯುವಿಸಿಇಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ಈ ಕೆಲಸಕ್ಕೆ ಅವರು ಕೇಳಿದ ಧನಸಹಾಯ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಸಿಗಲಿಲ್ಲ. ಮುಂದೆ ಜೆಪೆಗ್ ಚಿತ್ರಗಳು ನಿಂತದ್ದು ಅದೇ ಗಣಿತದ ಮೇಲೆ. ಹುಡುಗರ ಮೊಬೈಲಿನಲ್ಲಿರುವ ಫೋಟೋಗಳನ್ನು ತೆರೆಸಿ, ಆ ನಾಲ್ಕು ಪುಟಗಳನ್ನು ಪರದೆಯ ಮೇಲೆ ಹಾಕಿ, ‘ಸೈಟೆಡ್ ಬೈ’ ಒತ್ತುತ್ತೇನೆ. ಸಾವಿರಾರು ಪೇಪರುಗಳು ಸಾಲುಗಟ್ಟುತ್ತವೆ. ಆ ಸಾವಿರಾರರ ಒಳಗೇ ಹುಡುಕುವ ಸಣ್ಣ ಚೌಕವೊಂದು ಅಲ್ಲಿದೆ, ಹೆಚ್ಚಿನವರ ಕಣ್ಣಿಗೆ ಅದು ಬಿದ್ದಿರುವುದಿಲ್ಲ. ಅದನ್ನು ಗುರುತು ಹಾಕಿ ‘ಎಫ್‌ಪಿಜಿಎ’ ಎಂದು ಬರೆದರೆ, ಈ ಗಣಿತವನ್ನು ಹಾರ್ಡ್‌ವೇರ್‌ಗೆ ಇಳಿಸಿದವರು ಮಾತ್ರ ಉಳಿಯುತ್ತಾರೆ. ನಲವತ್ತು ನಿಮಿಷದ ಉಪನ್ಯಾಸಕ್ಕಿಂತ ಇದು ಅವರ ಮನಸ್ಸಿಗೆ ಹೆಚ್ಚು ನಾಟುತ್ತದೆ.

ಹಿಂದಕ್ಕೆ ಹೋಗುವುದರ ಬೆಲೆ ನನಗೆ ಗೊತ್ತಾದದ್ದು ತಡವಾಗಿ. ನನ್ನ ಎಂ.ಟೆಕ್. ಪ್ರಬಂಧದಲ್ಲಿ ಒಂದು ನಷ್ಟದ ಅಂಕಿಯನ್ನು ಪೇಪರೊಂದರಿಂದ ಎತ್ತಿ ಬರೆದಿದ್ದೆ. ಆ ಪೇಪರ್ ಅದನ್ನು ಇನ್ನೊಂದರಿಂದ ತಂದಿತ್ತು, ಅದು ಮತ್ತೊಂದರಿಂದ. ವೈವಾದಲ್ಲಿ ಪರೀಕ್ಷಕರು “ಇದನ್ನು ಅಳೆದವರು ಯಾರು, ಎಲ್ಲಿ?” ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಬೇರಿನ ತನಕ ಹೋಗಿ ನೋಡಿದರೆ ಮೂಲ ಅಳತೆ ನಮ್ಮ ಹವೆಗೆ ಸಂಬಂಧವೇ ಇಲ್ಲದ ಶೀತದೇಶದ್ದು. ಅಂದಿನಿಂದ ಯಾವುದೇ ಅಂಕಿಯನ್ನು ಅದನ್ನು ಅಳೆದವರ ಪೇಪರ್ ಓದದೆ ಬರೆಯಬಾರದು ಎಂದು ವಿದ್ಯಾರ್ಥಿಗಳಿಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ.

ಸ್ಕೋಪಸ್, ಇನ್‌ಸ್ಪೆಕ್ ಬೇಕೇ?

ಬಿ.ಇ. ವಿದ್ಯಾರ್ಥಿಗೆ ಬೇಕಿಲ್ಲ. ಪಿಎಚ್‌.ಡಿ.ಗೆ ಹೊರಟವರಿಗೆ ಬೇಕು.

ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎರಡೂ ಸೂಚಿಗಳು. ಪೇಪರ್ ಅವುಗಳಲ್ಲಿ ಇರುವುದಿಲ್ಲ, ಎಲ್ಲಿದೆ ಎಂಬ ಮಾಹಿತಿ ಇರುತ್ತದೆ. ಜರ್ನಲ್ಲುಗಳನ್ನು ಆಯ್ದು ಸೇರಿಸಿಕೊಳ್ಳುವುದರಿಂದ ಕಸ ಕಡಿಮೆ. ಯಾರು ಯಾರನ್ನು ಉಲ್ಲೇಖಿಸಿದರು ಎಂಬ ಲೆಕ್ಕ ಸ್ಕಾಲರ್‌ಗಿಂತ ಅಚ್ಚುಕಟ್ಟು. ಎರಡಕ್ಕೂ ದುಬಾರಿ ಚಂದಾ. ನಮ್ಮ ಕ್ಷೇತ್ರಕ್ಕೆಂದೇ ಇರುವುದು ಇನ್‌ಸ್ಪೆಕ್. 1898ರಲ್ಲಿ ಅಚ್ಚಾಗತೊಡಗಿದ ‘ಸೈನ್ಸ್ ಆಬ್‌ಸ್ಟ್ರಾಕ್ಟ್ಸ್’ ಎಂಬ ಸಾರಾಂಶ ಪತ್ರಿಕೆಯ ಕುಡಿ ಅದು, ಈಗ ಬ್ರಿಟನ್ನಿನ ಐಇಟಿ ಸಂಸ್ಥೆ ನಡೆಸುತ್ತದೆ. ಪ್ರತಿ ಪೇಪರಿಗೂ ನಿಗದಿತ ವಿಷಯಪದಗಳನ್ನು ಅಂಟಿಸುವುದು ಅದರ ಕ್ರಮ. ಹೀಗಾಗಿ ಲೇಖಕರು ‘ಡಸ್ಟ್’ ಎನ್ನಲಿ, ‘ಸಾಯಿಲಿಂಗ್’ ಎನ್ನಲಿ, ಒಂದೇ ಪದದಡಿ ಎರಡೂ ಸಿಗುವ ಸಾಧ್ಯತೆ ಹೆಚ್ಚು. ನಿಮ್ಮ ಸಂಸ್ಥೆಯಲ್ಲಿದ್ದರೆ ಅದು ಭಾಗ್ಯವೆಂದೇ ತಿಳಿಯಿರಿ. ಇಲ್ಲದವರು ಉಚಿತವಾಗಿರುವ ಸೆಮ್ಯಾಂಟಿಕ್ ಸ್ಕಾಲರ್ ಅಥವಾ ಓಪನ್‌ಅಲೆಕ್ಸ್ ಬಳಸಬಹುದು.

ಆರ್ಕೈವ್: ಬಿಸಿಯಾಗಿದೆ, ಬೆಂದಿದೆಯೇ ನೋಡಿ

ಭೌತವಿಜ್ಞಾನಿಗಳಿಗಾಗಿ 1991ರಲ್ಲಿ ಹುಟ್ಟಿದ, ಲೇಖಕರು ಪ್ರಕಟಣೆಗೆ ಮುನ್ನವೇ ಪೇಪರ್ ಹಾಕುವ ‘ಆರ್ಕೈವ್’ (arXiv) ತಾಣ ಈಗ ನಮ್ಮ ಕ್ಷೇತ್ರಕ್ಕೂ ಬಾಗಿಲು ತೆರೆದಿದೆ. 2017ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಸಿಸ್ಟಮ್ ವಿಜ್ಞಾನಕ್ಕೆ ಪ್ರತ್ಯೇಕ ವಿಭಾಗ ಸೇರಿತು. ಸಿಗ್ನಲ್ ಪ್ರಾಸೆಸಿಂಗ್, ಮಾತಿನ ಸಂಸ್ಕರಣೆ, ಚಿತ್ರ ಮತ್ತು ವಿಡಿಯೊ, ಕಂಟ್ರೋಲ್ ಎಲ್ಲ ಅಲ್ಲಿವೆ. ಎಲ್ಲವೂ ಉಚಿತ. ಮಷೀನ್ ಲರ್ನಿಂಗ್ ಮಾಡುವವರು ಜರ್ನಲ್ಲಿಗೆ ಕಾಯುತ್ತ ಕೂತರೆ ಕಾಲವೇ ಮುಂದೆ ಹೋಗಿರುತ್ತದೆ.

ಆದರೆ ಅಲ್ಲಿರುವುದನ್ನು ಪರಿಣತರು ಪರಿಶೀಲಿಸಿ ಒಪ್ಪಿರುವುದಿಲ್ಲ. ವಿಷಯಕ್ಕೆ ಸಂಬಂಧಿಸಿದೆಯೇ ಎಂಬ ಮೇಲ್ನೋಟದ ತಪಾಸಣೆ ಮಾತ್ರ ಆಗಿರುತ್ತದೆ. ಪುಟದಲ್ಲಿ ಎಷ್ಟನೆಯ ಆವೃತ್ತಿ ಎಂದು ನಮೂದಿಸಿರುತ್ತಾರೆ, ಕೊನೆಯದನ್ನೇ ಓದಿ. ಅದು ಮುಂದೆ ಎಲ್ಲಾದರೂ ಪ್ರಕಟವಾಗಿದ್ದರೆ ಪ್ರಕಟಿತ ರೂಪವನ್ನೇ ಉಲ್ಲೇಖಿಸಿ. ನಿಮ್ಮ ಇಡೀ ಪ್ರಾಜೆಕ್ಟ್ ಆರ್ಕೈವ್‌ನ ಒಂದೇ ಪೇಪರಿನ ಮೇಲೆ ನಿಂತಿದ್ದರೆ, ಅದರ ಫಲಿತಾಂಶವನ್ನು ಬೇರೆ ಯಾರಾದರೂ ಪುನಃ ಪಡೆದಿದ್ದಾರೆಯೇ ಎಂದು ನೋಡದೆ ಮುಂದುವರಿಯಬೇಡಿ.

ಬೀಗ ಬಿದ್ದಾಗ

ಈಗ ಎರಡನೆಯ ಕೆಲಸ. ಇಲ್ಲಿ ನಿಮ್ಮ ಕಾಲೇಜು ಯಾವ ಬಗೆಯದ್ದು ಎನ್ನುವುದೇ ದೊಡ್ಡ ಪ್ರಶ್ನೆ.

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಅಂತರರಾಷ್ಟ್ರೀಯ ಪ್ರಕಾಶಕರು, ಸುಮಾರು 13,000 ಜರ್ನಲ್ಲುಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. 2025ರ ಜನವರಿಯಿಂದ ಅದು ಜಾರಿಯಲ್ಲಿದೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಉಸ್ತುವಾರಿ ನೋಡುತ್ತದೆ. ಐಇಇಇ, ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್ ಮೂವರೂ ಅದರಲ್ಲಿದ್ದಾರೆ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ಹುಡುಗನಿಗೆ ಐದು ವರ್ಷದ ಹಿಂದೆ ಕನಸಾಗಿದ್ದದ್ದು ಇಂದು ಕೈಯಳತೆಯಲ್ಲಿದೆ. ಎಷ್ಟೋ ಮಕ್ಕಳಿಗೆ ತಮಗೆ ಇಂಥದ್ದೊಂದು ಹಕ್ಕಿದೆ ಎಂದೇ ಗೊತ್ತಿಲ್ಲ ಎನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಇದು ಮುಖ್ಯವಾಗಿ ಜರ್ನಲ್ಲುಗಳ ಯೋಜನೆ ಎಂಬುದು ನೆನಪಿರಲಿ. ಸಮ್ಮೇಳನದ ಪೇಪರ್ ನಿಮ್ಮಲ್ಲಿ ತೆರೆಯುತ್ತದೆಯೇ ಎಂದು ಒಂದನ್ನು ಒತ್ತಿಯೇ ನೋಡಿ.

ಖಾಸಗಿ ಕಾಲೇಜುಗಳನ್ನು ಮೊದಲ ಹಂತದಲ್ಲಿ ಸೇರಿಸಿಲ್ಲ. ಬೆಳಗಾವಿಯ ವಿಟಿಯು ವ್ಯಾಪ್ತಿಯಲ್ಲಿ ಹೆಚ್ಚಿನವು ಖಾಸಗಿಯೇ. ಅವರಿಗೆ ಆಸರೆ ವಿಶ್ವವಿದ್ಯಾಲಯ ತನ್ನ ಸಂಯೋಜಿತ ಕಾಲೇಜುಗಳಿಗಾಗಿ ನಡೆಸುವ ಇ-ಸಂಪನ್ಮೂಲಗಳ ಒಕ್ಕೂಟ, ಅದರ ಜೊತೆಗೆ ಕಾಲೇಜು ತಾನೇ ಕಟ್ಟಿದ ಚಂದಾ. ಒಕ್ಕೂಟದಲ್ಲಿ ಯಾವ ಪ್ರಕಾಶಕರಿದ್ದಾರೆ ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ಸೀನಿಯರ್ ಹೇಳಿದ್ದನ್ನು ನಂಬಬೇಡಿ, ಈ ವರ್ಷದ ಪಟ್ಟಿಯನ್ನು ಗ್ರಂಥಪಾಲಕರಿಂದಲೇ ಕೇಳಿ ಪಡೆಯಿರಿ.

ಎರಡೂ ಬಗೆಯ ಕಾಲೇಜುಗಳಲ್ಲಿ ನಾನು ಕಂಡ ಒಂದು ಸಾಮಾನ್ಯ ತಪ್ಪಿದೆ. ಕ್ಯಾಂಪಸ್ಸಿನ ವೈಫೈನಲ್ಲಿ ತೆರೆಯುವ ಪೇಪರ್ ಮನೆಯ ಮೊಬೈಲ್ ಡೇಟಾದಲ್ಲಿ ತೆರೆಯುವುದಿಲ್ಲ, ಏಕೆಂದರೆ ಪ್ರಕಾಶಕರ ತಾಣ ನಿಮ್ಮನ್ನು ಗುರುತಿಸುವುದು ಕಾಲೇಜಿನ ನೆಟ್‌ವರ್ಕ್ ವಿಳಾಸದಿಂದ. ವಿದ್ಯಾರ್ಥಿ ರಾತ್ರಿ ಹಾಸ್ಟೆಲಿನ ಹೊರಗೆ ಕೂತು ಒತ್ತಿ ನೋಡುತ್ತಾನೆ, ಬೀಗ ಕಾಣುತ್ತದೆ, ನಮ್ಮ ಕಾಲೇಜಿನಲ್ಲಿ ಇಲ್ಲ ಎಂದು ತೀರ್ಮಾನಿಸಿಬಿಡುತ್ತಾನೆ. ಮನೆಯಿಂದ ಪ್ರವೇಶಿಸಲು ಬೇರೆ ಲಾಗಿನ್ ಇರುತ್ತದೆ. ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಇನ್‌ಫ್ಲಿಬ್‌ನೆಟ್‌ನ ‘ಇನ್‌ಫೆಡ್’ ವ್ಯವಸ್ಥೆಯ ಮೂಲಕ, ಉಳಿದವಕ್ಕೆ ಕಾಲೇಜು ಕೊಡುವ ದೂರಪ್ರವೇಶದ ಖಾತೆಯ ಮೂಲಕ. ಸೆಮಿಸ್ಟರಿನ ಮೊದಲ ವಾರವೇ ಅದನ್ನು ಮಾಡಿಸಿಕೊಳ್ಳಿ. ಸಿನಾಪ್ಸಿಸ್‌ನ ಹಿಂದಿನ ರಾತ್ರಿ ಪಾಸ್‌ವರ್ಡ್ ಕೊಡಲು ಲೈಬ್ರರಿಯಲ್ಲಿ ಯಾರೂ ಇರುವುದಿಲ್ಲ.

ಇಷ್ಟಾದರೂ ಬೀಗ ತೆಗೆಯದಿದ್ದರೆ ಸ್ಕಾಲರ್‌ನಲ್ಲಿ ಆ ಪೇಪರಿನ ‘ಆಲ್ ವರ್ಷನ್ಸ್’ ಒತ್ತಿ. ಲೇಖಕರು ತಮ್ಮ ವಿಶ್ವವಿದ್ಯಾಲಯದ ಭಂಡಾರದಲ್ಲಿ ಇಟ್ಟ ಪ್ರತಿ ಅಲ್ಲಿರಬಹುದು. ಅನ್‌ಪೇವಾಲ್ ಎಂಬ ಉಚಿತ ಸಾಧನವನ್ನು ಬ್ರೌಸರಿಗೆ ಸೇರಿಸಿಕೊಂಡರೆ, ಕಾನೂನುಬದ್ಧ ಉಚಿತ ಪ್ರತಿ ಎಲ್ಲಾದರೂ ಇದ್ದಾಗ ಪಕ್ಕದಲ್ಲಿ ಹಸಿರು ಬೀಗ ತೋರಿಸುತ್ತದೆ. ಅದೂ ಇಲ್ಲದಿದ್ದರೆ ಲೇಖಕರಿಗೇ ಮಿಂಚಂಚೆ ಬರೆಯಿರಿ. ಮೂರು ಸಾಲು ಸಾಕು: ನಾನು ಇಂಥವಳು, ಇಂಥ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ನಿಮ್ಮ ಇಂಥ ಪೇಪರಿನ ಪ್ರತಿ ದಯವಿಟ್ಟು ಕಳಿಸುವಿರಾ. ಪಾವಗಡದ ಹುಡುಗಿ ಹೀಗೆ ಇಬ್ಬರಿಗೆ ಬರೆದಳು. ಒಬ್ಬರಿಂದ ಮರುದಿನವೇ ಉತ್ತರ ಬಂತು. ಪೇಪರಿನ ಜೊತೆ ಅಳತೆಯ ಮೂಲ ಕೋಷ್ಟಕವನ್ನೂ ಅವರು ಕಳಿಸಿದ್ದರು.

ಕೊನೆಗೆ, ಕಾಲೇಜು ಡೆಲ್‌ನೆಟ್‌ನಂಥ ಜಾಲದ ಸದಸ್ಯನಾಗಿದ್ದರೆ ಗ್ರಂಥಪಾಲಕರು ಬೇರೆ ಗ್ರಂಥಾಲಯದಿಂದ ಪುಸ್ತಕ, ಲೇಖನಗಳನ್ನು ತರಿಸಿಕೊಡಬಲ್ಲರು. ಬೆಂಗಳೂರಿನಲ್ಲಿರುವವರು ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಆರ್.ಡಿ. ಟಾಟಾ ಸ್ಮಾರಕ ಗ್ರಂಥಾಲಯಕ್ಕೆ ಹೊರಗಿನವರ ಪ್ರವೇಶದ ನಿಯಮ ಈಗ ಏನಿದೆ ಎಂದು ಮೊದಲೇ ವಿಚಾರಿಸಿ, ಕಾಲೇಜಿನ ಪತ್ರ ಹಿಡಿದು ಹೋಗಬಹುದು.

ಪೇಪರಿನಲ್ಲಿ ಉತ್ತರವಿಲ್ಲದ ಪ್ರಶ್ನೆಗಳು

ಯಾವ ಆಪ್‌ಆ್ಯಂಪ್ ಹಾಕಲಿ, ಸೆನ್ಸರಿನ ಗದ್ದಲ ಹೇಗೆ ತಗ್ಗಿಸಲಿ ಎನ್ನುವವರು ಎಕ್ಸ್‌ಪ್ಲೋರ್‌ನಲ್ಲಿ ದಿನಗಟ್ಟಲೆ ಹುಡುಕುವುದನ್ನು ನೋಡಿದ್ದೇನೆ. ಅದಕ್ಕೆ ಬೇಕಾದದ್ದು ತಯಾರಕರ ಡೇಟಾಶೀಟ್ ಮತ್ತು ಅಪ್ಲಿಕೇಶನ್ ನೋಟ್. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್, ಅನಲಾಗ್ ಡಿವೈಸಸ್‌ನಂಥ ಕಂಪನಿಗಳ ಅಪ್ಲಿಕೇಶನ್ ನೋಟ್‌ಗಳು ಉಚಿತ. ಹತ್ತು ಪೇಪರ್ ಓದಿದರೂ ತಿಳಿಯದ, ಬೋರ್ಡಿನ ಮೇಲೆ ನೆಲದ (ಗ್ರೌಂಡ್) ತಂತಿಯನ್ನು ಹೇಗೆ ಎಳೆಯಬೇಕು ಎಂಬಂಥ ಸಂಗತಿ ಅಲ್ಲಿ ಚಿತ್ರಸಮೇತ ಇರುತ್ತದೆ. ವಿತರಕರ ತಾಣದ ಪ್ರತಿ ಹಳೆಯದಿರಬಹುದು, ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ.

ಅಳತೆ ಹೇಗೆ ಮಾಡಬೇಕು ಎನ್ನುವುದು ಪ್ರಶ್ನೆಯಾದರೆ ಮಾನಕ ನೋಡಬೇಕು. ಸಾಯಿಲಿಂಗ್ ಪ್ರಮಾಣವನ್ನು ಅಳೆಯುವ ಕ್ರಮ ಐಇಸಿ 61724-1 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿದೆ. ಅದನ್ನು ಬಿಟ್ಟು ತಮ್ಮದೇ ವಿಧಾನ ಹೂಡಿದರೆ ಬೇರೆಯವರ ಅಂಕಿಗಳೊಡನೆ ಹೋಲಿಸಲು ಬರುವುದಿಲ್ಲ. ಕಟ್ಟಡದ ವೈರಿಂಗ್ ಮಾಡುವವರಿಗೆ ಐಎಸ್ 732. ಭಾರತೀಯ ಮಾನಕಗಳನ್ನು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ತಾಣದಲ್ಲಿ ನೋಂದಾಯಿಸಿಕೊಂಡು ಉಚಿತವಾಗಿ ಇಳಿಸಿಕೊಳ್ಳಬಹುದು. ವೈಫೈ, ಈಥರ್ನೆಟ್ ಸೇರಿದ ಐಇಇಇ 802 ಸರಣಿ ಪ್ರಕಟವಾದ ಆರು ತಿಂಗಳ ನಂತರ ಉಚಿತವಾಗಿ ಸಿಗುತ್ತದೆ. ಪೇಟೆಂಟಿಗೆ ಗೂಗಲ್ ಪೇಟೆಂಟ್ಸ್, ಎಸ್ಪಾಸ್‌ನೆಟ್ ಇವೆ, ಭಾರತದ್ದಕ್ಕೆ ಪೇಟೆಂಟ್ ಕಚೇರಿಯ ‘ಇನ್‌ಪಾಸ್’ ಇದೆ. ನೀರಿಲ್ಲದೆ ಫಲಕ ಒರೆಸುವ ಯಂತ್ರ ನನ್ನದೇ ಹೊಸ ಕಲ್ಪನೆ ಎನ್ನುವ ಮುನ್ನ ಅಲ್ಲೊಮ್ಮೆ ನೋಡಿ.

ಶೋಧಗಂಗಾದ ಬಗ್ಗೆ ನನಗೆ ವಿಶೇಷ ಅಕ್ಕರೆ. ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಅಲ್ಲಿ ಅಧ್ಯಾಯಗಳಾಗಿ ಬಿಡಿಬಿಡಿಯಾಗಿ ಸಿಗುತ್ತವೆ, ಉಚಿತವಾಗಿ. ಪೇಪರಿನಲ್ಲಿ ಆರು ಸಾಲಿಗೆ ಮುಗಿಸಿದ ಪ್ರಯೋಗದ ವಿವರ ಪ್ರಬಂಧದಲ್ಲಿ ಮೂವತ್ತು ಪುಟವಿರುತ್ತದೆ: ಯಾವ ಉಪಕರಣ, ಯಾವ ತಿಂಗಳು, ಎಲ್ಲಿ ಸೋತರು. ಸಾಹಿತ್ಯ ಸಮೀಕ್ಷೆಯ ಅಧ್ಯಾಯವೊಂದನ್ನು ಇಳಿಸಿಕೊಂಡರೆ ಆ ವಿಷಯದ ನಕ್ಷೆಯೇ ಸಿಕ್ಕಂತೆ. ಗುಣಮಟ್ಟ ಏರುಪೇರು, ಅದನ್ನು ಒಪ್ಪುತ್ತೇನೆ. ಆದರೆ ನಮ್ಮ ಬಿಸಿಲು, ನಮ್ಮ ಗ್ರಿಡ್, ನಮ್ಮ ಧೂಳನ್ನು ಅಳೆದ ಕೆಲಸ ಬೇಕೆಂದರೆ ಮೊದಲು ಇಲ್ಲಿಗೇ ಬನ್ನಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಬಂಧಗಳಿಗೆ ಅದರದ್ದೇ ಪ್ರತ್ಯೇಕ ಭಂಡಾರವಿದೆ.

ಪುಸ್ತಕದ ಕಪಾಟನ್ನು ಮರೆಯಬೇಡಿ. ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ಕ್ರಮದಲ್ಲಿ ಜೋಡಿಸಿದ ಗ್ರಂಥಾಲಯದಲ್ಲಿ ಎಲೆಕ್ಟ್ರಿಕಲ್ 621.3, ಎಲೆಕ್ಟ್ರಾನಿಕ್ಸ್ 621.381, ಸಂವಹನ 621.382, ಕಂಟ್ರೋಲ್ 629.8, ಪ್ರೋಗ್ರಾಮಿಂಗ್ 005. ಸೌರಶಕ್ತಿ 621.47ರಲ್ಲಿದ್ದರೆ ದ್ಯುತಿವಿದ್ಯುತ್ 621.31244ರಲ್ಲಿ, ಅಂದರೆ ಬೇರೆ ಕಪಾಟಿನಲ್ಲಿ. ಒಂದನ್ನು ನೋಡಿ ವಾಪಸಾದವರಿಗೆ ಇನ್ನೊಂದು ತಪ್ಪುತ್ತದೆ.

ಸುಳ್ಳು ಪೇಪರುಗಳು

ನನ್ನ ವಿದ್ಯಾರ್ಥಿಗಳ ತಂಡವೊಂದು ನನಗೆ ಹೇಳದೆ ಜರ್ನಲ್ಲೊಂದಕ್ಕೆ ಹಣ ಕಟ್ಟಿತು. ಮೂರೇ ದಿನದಲ್ಲಿ ಲೇಖನ ಪ್ರಕಟವಾಯಿತು. ಒಂದು ಚಿತ್ರ ತಲೆಕೆಳಗಾಗಿತ್ತು, ಅಲ್ಲಿನವರು ಯಾರೂ ಅದನ್ನು ಗಮನಿಸಿರಲಿಲ್ಲ. ಅಂದರೆ ಯಾರೂ ಓದಿರಲಿಲ್ಲ. ಅಂಥ ಜರ್ನಲ್ಲಿನಲ್ಲಿ ಬರೆಯಬಾರದು ಎಂದಮೇಲೆ ಅಂಥದ್ದರಿಂದ ಅಂಕಿ ಎತ್ತುವುದೂ ಸಲ್ಲದು. ಯುಜಿಸಿ ಒಪ್ಪಬಹುದಾದ ಜರ್ನಲ್ಲುಗಳ ತನ್ನ ‘ಕೇರ್’ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದ್ದರಿಂದ ಜರ್ನಲ್ಲನ್ನು ತೂಗಿ ನೋಡುವ ಹೊಣೆ ಈಗ ಸಂಸ್ಥೆಗಳ ಮೇಲಿದೆ, ನಮ್ಮ ಮೇಲಿದೆ. ಸಂಪಾದಕ ಮಂಡಳಿಯವರು ನಿಜವಾದ ಸಂಸ್ಥೆಗಳಲ್ಲಿದ್ದಾರೆಯೇ, ಪರಿಶೀಲನೆಗೆ ಎಷ್ಟು ಕಾಲ ಹಿಡಿದಿದೆ, ಎಲೆಕ್ಟ್ರಾನಿಕ್ಸ್‌ನಿಂದ ಆಯುರ್ವೇದದವರೆಗೆ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ಹಾಕುತ್ತಾರೆಯೇ, ಇಷ್ಟು ನೋಡಿದರೂ ಹೆಚ್ಚಿನವು ಬಯಲಾಗುತ್ತವೆ.

ಎಐ ಸಹಾಯಕರನ್ನು ಕೇಳಿ ಉಲ್ಲೇಖಪಟ್ಟಿ ತರುವವರಿಗೂ ಒಂದು ಮಾತು. ವಿಷಯದ ಪದಗಳನ್ನು ತಿಳಿಯಲು, ಕ್ಲಿಷ್ಟ ಸಾರಾಂಶವನ್ನು ಕನ್ನಡದಲ್ಲಿ ಬಿಡಿಸಿಕೊಳ್ಳಲು ಅವು ನೆರವಾಗುತ್ತವೆ. ಆದರೆ ಇಲ್ಲದ ಪೇಪರನ್ನು ಇರುವಂತೆಯೇ, ಲೇಖಕರ ಹೆಸರು ಮತ್ತು ಪುಟಸಂಖ್ಯೆ ಸಮೇತ ಹೆಣೆದುಕೊಡುವುದೂ ಉಂಟು. ಪ್ರತಿ ಪೇಪರಿನ ಡಿಒಐ ಸಂಖ್ಯೆಯನ್ನು (ಪೇಪರಿನ ಶಾಶ್ವತ ಗುರುತುಸಂಖ್ಯೆ, ಕೊಂಡಿಯೂ ಹೌದು) ತೆರೆದು, ಶೀರ್ಷಿಕೆ ತಾಳೆಯಾದರೆ ಮಾತ್ರ ಪಟ್ಟಿಗೆ ಸೇರಿಸಿ. ಸೇರಿಸಿದ್ದನ್ನು ಜೊಟೆರೊದಂಥ ಉಚಿತ ತಂತ್ರಾಂಶದಲ್ಲಿ ಇಟ್ಟುಕೊಂಡರೆ, ಮುಂದೆ ಅದರಲ್ಲಿ ಯಾವುದಾದರೂ ಪೇಪರನ್ನು ಜರ್ನಲ್ ಹಿಂತೆಗೆದುಕೊಂಡಾಗ ಅದೇ ಎಚ್ಚರಿಸುತ್ತದೆ.

ಗ್ರಂಥಪಾಲಕರ ಮೇಜಿಗೆ ಹೋಗುವಾಗ

ಇಷ್ಟೆಲ್ಲ ತಾಣಗಳನ್ನು ಹೋಲಿಸಿದಮೇಲೂ ನನ್ನ ಮೊದಲ ಶಿಫಾರಸು ಒಬ್ಬ ಮನುಷ್ಯರದ್ದೇ. ಬೆಂಗಳೂರಿನಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಒಂದು ಓದುಗರ ಸಮಯ ಉಳಿಸುವ ಕುರಿತದ್ದು. ನಿಮ್ಮ ಕಾಲೇಜಿನ ಗ್ರಂಥಪಾಲಕರು ಅದನ್ನು ಓದಿಯೇ ಆ ಕುರ್ಚಿಗೆ ಬಂದಿರುತ್ತಾರೆ. ವರ್ಷವಿಡೀ ಅವರನ್ನು ನಾವು ಕೇಳುವುದು ನೋ ಡ್ಯೂ ಸಹಿಯನ್ನು ಮಾತ್ರ.

ಬರಿಗೈಯಲ್ಲಿ ಹೋಗಬೇಡಿ, ಒಂದು ಚೀಟಿ ಬರೆದುಕೊಂಡು ಹೋಗಿ. ಪಾವಗಡದ ಹುಡುಗಿ ಕೊಂಡೊಯ್ದ ಚೀಟಿಯಲ್ಲಿ ಮೂರು ಸಾಲಿದ್ದವು. ಒಂದು, ಅವಳ ಪ್ರಶ್ನೆ, ಕನ್ನಡದಲ್ಲೇ. ಎರಡು, ಅವಳು ಈಗಾಗಲೇ ಹುಡುಕಿದ ಪದಗಳು ಮತ್ತು ತಾಣಗಳು. ಮೂರು, ತೆರೆಯದ ನಾಲ್ಕು ಪೇಪರುಗಳ ಡಿಒಐ. ಗ್ರಂಥಪಾಲಕರು ಕನ್ನಡಕ ಏರಿಸಿಕೊಂಡು ಚೀಟಿಯನ್ನು ಎರಡು ಸಲ ಓದಿದರು. ತಮ್ಮ ಕಂಪ್ಯೂಟರಿನಲ್ಲಿ ಎರಡನ್ನು ಅಲ್ಲೇ ತೆರೆದುಕೊಟ್ಟರು, ಮೂರನೆಯದನ್ನು ತರಿಸಲು ಬರೆದುಕೊಂಡರು. ನಾಲ್ಕನೆಯದು ಸಿಗಲಿಲ್ಲ. ಅದರ ಬದಲು ಅವರು 621.47ರ ಕಪಾಟಿನ ಕಡೆ ಕೈ ತೋರಿಸಿದರು.